ಮೌನಪ್ರಾರ್ಥನೆಯ ಮಿತ್ರರು: ಕ್ವೇಕರರೂ ಮತಸ್ವಾತಂತ್ರ್ಯವೂ

ಮಕ್ಕಳಿಗೆ ಕಲಿಸಲು ಅತ್ಯಂತ ಕಷ್ಟವಾದ ಪಾಠ ಯಾವುದೆಂದು ಯಾರಾದರೂ ನಮ್ಮನ್ನು ಕೇಳಿದರೆ, ಅದು ಗಣಿತವೂ ಅಲ್ಲ, ವ್ಯಾಕರಣವೂ ಅಲ್ಲ, ಸುಮ್ಮನೆ ಕುಳಿತುಕೊಳ್ಳುವುದು ಎಂದು ಉತ್ತರಿಸುತ್ತೇವೆ. ಹುತಾತ್ಮರ ದಿನದ ಎರಡೇ ನಿಮಿಷಗಳ ಮೌನವನ್ನು ಒಂದು ಕೆಮ್ಮು, ಒಂದು ಪಿಸುಮಾತು, ಒಂದು ಅಡಗಿಸಿದ ನಗೆ ಇಲ್ಲದೆ ನಮ್ಮ ಶಾಲೆಯ ಅಂಗಳವು ಮುಗಿಸಿದುದನ್ನು ಇಷ್ಟು ವರ್ಷಗಳ ಅಧ್ಯಾಪನದಲ್ಲಿ ನಾವು ಒಮ್ಮೆಯೂ ಕಂಡಿಲ್ಲ. ಅಂಥ ನಮಗೆ, ಸುಮ್ಮನೆ ಕುಳಿತುದಕ್ಕಾಗಿಯೇ ಪೆಟ್ಟು ತಿಂದ ಮಕ್ಕಳ ಕಥೆಯೊಂದನ್ನು ಓದಿದಾಗ ಆಶ್ಚರ್ಯವಾದುದು ಸಹಜವೇ ಸರಿ.

1682ನೆಯ ಇಸವಿ. ಇಂಗ್ಲೆಂಡಿನ ಬ್ರಿಸ್ಟಲ್ ಎಂಬ ರೇವುಪಟ್ಟಣ. ಅಲ್ಲಿ ಕ್ವೇಕರರೆಂಬ ಒಂದು ಸಣ್ಣ ಪಂಗಡದ ಹಿರಿಯರನ್ನೆಲ್ಲ, ಗಂಡಸರೆನ್ನದೆ ಹೆಂಗಸರೆನ್ನದೆ, ಸರಕಾರವು ಸೆರೆಮನೆಗೆ ತಳ್ಳಿತ್ತು. ಅವರ ಅಪರಾಧವೆಂದರೆ ರಾಜನ ಇಗರ್ಜಿಗೆ ಹೋಗದೆ ತಮ್ಮದೇ ಒಂದು ಕಡೆಯಲ್ಲಿ ಕೂಡಿ ಮೌನವಾಗಿ ದೇವರನ್ನು ನೆನೆದುದು. ಇನ್ನು ಈ ಪಂಗಡದ ಸಭೆ ನಿಂತಿತೆಂದು ಅಧಿಕಾರಿಗಳು ಭಾವಿಸಿದರು. ಆದರೆ ಮುಂದಿನ ಆದಿತ್ಯವಾರ ಆ ಮನೆಗಳ ಮಕ್ಕಳು, ಹೆಚ್ಚಿನವರು ಹದಿನಾರು ವರ್ಷವೂ ತುಂಬದವರು, ತಾವೇ ಬಂದು ಸಾಲಾಗಿ ಕುಳಿತರು. ತಂದೆತಾಯಂದಿರು ಕುಳಿತಿರುತ್ತಿದ್ದಂತೆಯೇ ಮೌನವಾಗಿ ಕುಳಿತರು. ಅಧಿಕಾರಿಗಳು ಬಂದು ಬೈದರು, ಹೊಡೆದರು, ಕೆಲವರನ್ನು ಹಿಡಿದೊಯ್ದರು. ಮಕ್ಕಳು ಮರಳಿ ಬಂದು ಕುಳಿತರು. ಸಭೆ ನಿಲ್ಲಲಿಲ್ಲ.

ಈ ಮಕ್ಕಳ ಹಿರಿಯರು ಯಾರು, ಅವರು ನಂಬಿದುದೇನು, ಮೌನವಾಗಿ ಕುಳಿತವರನ್ನು ಕಂಡು ಒಂದು ರಾಜ್ಯವೇ ಏಕೆ ಹೆದರಿತು ಎಂಬುದನ್ನು ನಮ್ಮ ವಾಚಕರೊಡನೆ ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ನಡುಗುವವರೆಂಬ ಹೆಸರು

ಹದಿನೇಳನೆಯ ಶತಮಾನದ ಇಂಗ್ಲೆಂಡು ಒಳಜಗಳದಿಂದ ಬೆಂದ ನಾಡು. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವಾಗಿ, 1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದನವಾಯಿತು. ಯಾವ ಪೂಜಾವಿಧಿ ಸರಿ, ಯಾವ ಪಾದ್ರಿಯ ಮಾತು ನಿಜ ಎಂಬುದೇ ಊರೂರಿನ ವಾದವಾಗಿದ್ದ ಕಾಲವದು.

ಇಂಥ ಕಾಲದಲ್ಲಿ, 1624ರಲ್ಲಿ, ಲೆಸ್ಟರ್‌ಶೈರ್ ಪ್ರಾಂತದ ಹಳ್ಳಿಯೊಂದರಲ್ಲಿ ನೇಕಾರನ ಮನೆಯಲ್ಲಿ ಜಾರ್ಜ್ ಫಾಕ್ಸ್ ಹುಟ್ಟಿದನು. ಪಾದರಕ್ಷೆ ಹೊಲಿಯುವವನೊಬ್ಬನ ಬಳಿ ಕೆಲಸ ಕಲಿತ ಈ ತರುಣನಿಗೆ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ ಮನೆಬಿಟ್ಟು ಊರೂರು ಅಲೆದನು. ಪಾದ್ರಿಗಳನ್ನು ಕಂಡು ಪ್ರಶ್ನೆ ಕೇಳಿದನು. ಯಾರ ಉತ್ತರದಿಂದಲೂ ಅವನಿಗೆ ತೃಪ್ತಿಯಾಗಲಿಲ್ಲ. ಕೊನೆಗೆ ಅವನು ಕಂಡುಕೊಂಡ ಉತ್ತರ ಸರಳವಾಗಿತ್ತು. ದೇವರ ಬೆಳಕು ಪ್ರತಿಯೊಬ್ಬ ಮನುಷ್ಯನ ಒಳಗೂ ಇದೆ. ಅದನ್ನು ಕಾಣಲು ನಡುವೆ ಪಾದ್ರಿಯೂ ಬೇಡ, ಶಿಖರವಿರುವ ಕಟ್ಟಡವೂ ಬೇಡ.

1652ರಲ್ಲಿ ಉತ್ತರ ಇಂಗ್ಲೆಂಡಿನ ಪೆಂಡ್ಲ್ ಬೆಟ್ಟವನ್ನೇರಿದ ಫಾಕ್ಸನಿಗೆ ದೊಡ್ಡ ಜನಸಮುದಾಯವೊಂದು ಕೂಡಿಬರುವಂಥ ದರ್ಶನವಾಯಿತಂತೆ. ಅದೇ ವರ್ಷ ಬಯಲುಗುಡ್ಡಗಳ ಮೇಲೆ ಅವನು ಮಾಡಿದ ಉಪದೇಶವನ್ನು ಕೇಳಿ ರೈತರು, ನೇಕಾರರು, ಮನೆಗೆಲಸದ ಹೆಣ್ಣುಮಕ್ಕಳು ನೂರುಗಟ್ಟಲೆಯಾಗಿ ಹಿಂಬಾಲಿಸಿದರು. ಸ್ವಾರ್ಥ್‌ಮೂರ್ ಎಂಬಲ್ಲಿನ ದೊಡ್ಡ ಮನೆಯ ಒಡತಿ ಮಾರ್ಗರೆಟ್ ಫೆಲ್ ತನ್ನ ಮನೆಯನ್ನೇ ಈ ಚಳವಳಿಯ ಆಸರೆಯನ್ನಾಗಿ ಮಾಡಿದಳು.

ಅವರು ತಮ್ಮನ್ನು ತಾವು ಕರೆದುಕೊಂಡುದು 'ಮಿತ್ರರು' ಎಂದು. 'ಕ್ವೇಕರ್' ಎಂದರೆ ನಡುಗುವವನು. 1650ರಲ್ಲಿ ದೈವನಿಂದೆಯ ಆರೋಪದ ಮೇಲೆ ಫಾಕ್ಸನನ್ನು ಡರ್ಬಿಯ ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿದಾಗ, ದೇವರ ಮಾತಿಗೆ ನಡುಗಿರೆಂದು ಫಾಕ್ಸ್ ಹೇಳಿದನಂತೆ. ಅದನ್ನೇ ಹಿಡಿದು ಆ ಅಧಿಕಾರಿ ಹಾಸ್ಯದಿಂದ ಇಟ್ಟ ಅಡ್ಡಹೆಸರು ಇದು. ಪರಿಹಾಸ್ಯದ ಹೆಸರನ್ನೇ ಅವರು ಮರ್ಯಾದೆಯ ಹೆಸರನ್ನಾಗಿ ಉಳಿಸಿಕೊಂಡರು.

ನಂಬಿಕೆ ಮತ್ತು ನಡೆ

ಕ್ವೇಕರರ ಸಭೆಯನ್ನು ಮೊದಲ ಸಲ ನೋಡುವವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲವೆಂದೇ ತೋರುತ್ತದೆ. ಬೆಂಚುಗಳುಳ್ಳ ಒಂದು ಬರಿಯ ಕೋಣೆ. ಪೀಠವಿಲ್ಲ, ವಿಗ್ರಹವಿಲ್ಲ, ಮೇಣದ ಬತ್ತಿಯಿಲ್ಲ, ಗಾಯನವಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ನಾಲ್ಕು ಮಾತು ಹೇಳಿ ಕುಳಿತುಕೊಳ್ಳುತ್ತಾರೆ. ಹಾಗೆ ಹೇಳುವವನು ಜಮೀನುದಾರನಾಗಿರಬಹುದು, ಅವನ ಮನೆಯ ಕೆಲಸದಾಕೆಯೂ ಆಗಿರಬಹುದು. ಹೆಂಗಸರು ಇಗರ್ಜಿಯಲ್ಲಿ ಬಾಯಿ ತೆರೆಯಬಾರದೆಂದಿದ್ದ ಕಾಲದಲ್ಲಿ ಮಾರ್ಗರೆಟ್ ಫೆಲ್ ಸೆರೆಮನೆಯಲ್ಲಿದ್ದುಕೊಂಡೇ, ದೇವರ ಮಾತನ್ನಾಡುವ ಹಕ್ಕು ಹೆಣ್ಣಿಗೂ ಉಂಟೆಂದು ವಾದಿಸುವ ಪುಸ್ತಿಕೆಯನ್ನು 1666ರಲ್ಲಿ ಪ್ರಕಟಿಸಿದಳು.

ಒಳಗಿನ ಬೆಳಕು ಎಲ್ಲರಲ್ಲಿಯೂ ಒಂದೇ ಎಂದ ಮೇಲೆ ಹೊರಗಿನ ಮೇಲುಕೀಳುಗಳಿಗೆ ಅರ್ಥವೆಲ್ಲಿ? ಇಲ್ಲಿಂದಲೇ ತೊಡಕು ಪ್ರಾರಂಭವಾಯಿತು. ಅಂದಿನ ಇಂಗ್ಲಿಷಿನಲ್ಲಿ ನಮ್ಮ 'ನೀನು', 'ನೀವು' ಎಂಬಂತೆಯೇ 'ದೌ', 'ಯೂ' ಎಂಬ ಎರಡು ರೂಪಗಳಿದ್ದವು. ಸಮಾನರಿಗೆ ಮತ್ತು ಕಿರಿಯರಿಗೆ ಮೊದಲನೆಯದು, ದೊಡ್ಡವರಿಗೆ ಎರಡನೆಯದು. ಕ್ವೇಕರರು ನ್ಯಾಯಾಧೀಶನನ್ನೂ 'ನೀನು' ಎಂದರು, ರಾಜನನ್ನೂ 'ನೀನು' ಎಂದರು. ನಮ್ಮಲ್ಲಿ ತಾಲೂಕು ಕಚೇರಿಗೆ ಹೋಗಿ ತಹಶೀಲ್ದಾರರನ್ನು 'ನೀನು' ಎಂದು ಮಾತಾಡಿಸಿದರೆ ಏನಾದೀತೆಂದು ವಾಚಕರೇ ಊಹಿಸಲಿ.

ಇನ್ನೊಂದು ಟೊಪ್ಪಿಯ ವಿಚಾರ. ದೊಡ್ಡವರ ಮುಂದೆ ಟೊಪ್ಪಿ ತೆಗೆಯುವುದು ಅಲ್ಲಿನ ಕ್ರಮ. ನಮ್ಮ ಅಜ್ಜಂದಿರ ಕಾಲದಲ್ಲಿ ಧಣಿಗಳ ಅಂಗಳಕ್ಕೆ ಕಾಲಿಡುವ ಮೊದಲು ಹೆಗಲ ಮೇಲಿನ ಬೈರಾಸನ್ನು ಇಳಿಸಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಒಕ್ಕಲುಗಳನ್ನು ನೆನೆದರೆ ಇದರ ಅರ್ಥ ನಮಗೆ ಬೇಗನೆ ಆಗುತ್ತದೆ. ಕ್ವೇಕರರು ದೇವರ ಪ್ರಾರ್ಥನೆಯಲ್ಲಿ ಟೊಪ್ಪಿ ತೆಗೆಯುತ್ತಿದ್ದರು. ಮನುಷ್ಯನ ಮುಂದೆ ತೆಗೆಯಲೊಲ್ಲೆವೆಂದರು.

ಮೂರನೆಯದು ಪ್ರಮಾಣ. ಆಣೆಯನ್ನೇ ಇಡಬೇಡಿರೆಂದು ಯೇಸುವು ಹೇಳಿದ್ದಾನಾದುದರಿಂದ ಅವರು ನ್ಯಾಯಾಲಯದಲ್ಲಿಯೂ ಪ್ರಮಾಣ ಮಾಡಲೊಪ್ಪಲಿಲ್ಲ. ಆಣೆಯಿಟ್ಟಾಗ ಮಾತ್ರ ನಿಜ ಹೇಳುವವನು ಉಳಿದ ಹೊತ್ತಿನಲ್ಲಿ ಸುಳ್ಳು ಹೇಳಬಹುದೆಂದಾಯಿತಲ್ಲವೆ ಎಂಬುದು ಅವರ ಪ್ರಶ್ನೆ. ಇದೇ ತತ್ತ್ವದಂತೆ ಅವರ ವರ್ತಕರು ಸಾಮಾನಿಗೆ ಒಂದೇ ಬೆಲೆ ಹೇಳಿದರು, ಚೌಕಾಶಿಗೆ ಎಡೆಗೊಡಲಿಲ್ಲ. ಮಗುವನ್ನು ಕಳುಹಿಸಿದರೂ ಮೋಸವಾಗದೆಂದು ಜನ ಅವರ ಅಂಗಡಿಗಳನ್ನು ಹುಡುಕಿಕೊಂಡು ಹೋದರು.

ನಾಲ್ಕನೆಯದು ಅಹಿಂಸೆ. ಎರಡನೆಯ ಚಾರ್ಲ್ಸ್ ದೊರೆಗೆ 1661ರ ಜನವರಿಯಲ್ಲಿ ಒಪ್ಪಿಸಿದ ಲಿಖಿತ ಘೋಷಣೆಯಲ್ಲಿ, ಯಾವ ಕಾರಣಕ್ಕೂ ಆಯುಧ ಹಿಡಿದು ಕಾದುವುದಿಲ್ಲವೆಂದು ಅವರು ಸ್ಪಷ್ಟಪಡಿಸಿದರು. ಇಂದಿಗೂ ಯುದ್ಧವಿರೋಧವು ಈ ಸಮಾಜದ ಮುಖ್ಯ ಗುರುತಾಗಿ ಉಳಿದಿದೆ.

ಕಾನೂನಿನ ಬಲೆ

ಆಯುಧ ಹಿಡಿಯದವರನ್ನು ಕಂಡು ರಾಜ್ಯಕ್ಕೇಕೆ ಭಯ? ರಾಜನೇ ಮತದ ಮುಖ್ಯಸ್ಥನಾಗಿದ್ದ ದೇಶದಲ್ಲಿ ಇಗರ್ಜಿಗೆ ಬಾರದವನು ರಾಜನಿಗೂ ಬಗ್ಗದವನೆಂದೇ ಲೆಕ್ಕ. 1662ರಲ್ಲಿ ಕ್ವೇಕರರನ್ನೇ ಹೆಸರಿಸಿ ಒಂದು ಕಾಯಿದೆ ಬಂದಿತು. 1664ರಲ್ಲಿ ಬಂದ ಇನ್ನೊಂದು ಕಾಯಿದೆಯ ಪ್ರಕಾರ, ಮನೆಯವರನ್ನು ಬಿಟ್ಟು ಐದಕ್ಕಿಂತ ಹೆಚ್ಚು ಜನ ಬೇರೆ ರೀತಿಯ ಪ್ರಾರ್ಥನೆಗಾಗಿ ಸೇರುವುದೇ ಅಪರಾಧವಾಯಿತು. ಮೂರನೆಯ ಸಲ ಸಿಕ್ಕಿಬಿದ್ದವರಿಗೆ ಏಳು ವರ್ಷ ಗಡೀಪಾರು. 1670ರಲ್ಲಿ ಇದನ್ನು ಹೊಸದಾಗಿ ಬಿಗಿಗೊಳಿಸಿ, ಸುಳಿವು ಕೊಟ್ಟವರಿಗೆ ದಂಡದ ಹಣದಲ್ಲಿ ಪಾಲು ಕೊಡುವ ಏರ್ಪಾಡಾಯಿತು. ನೆರೆಯವನನ್ನು ನೆರೆಯವನೇ ಹಿಡಿದುಕೊಡುವಂತೆ ಮಾಡಿದ ಕಾನೂನಿದು.

ಬೇರೆ ಪಂಗಡದವರು ರಾತ್ರಿ ಹೊತ್ತು ಬಾಗಿಲು ಹಾಕಿಕೊಂಡು ಗುಟ್ಟಾಗಿ ಸೇರುತ್ತಿದ್ದರು. ಕ್ವೇಕರರು ಹಾಡುಹಗಲಿನಲ್ಲಿ ಬಾಗಿಲು ತೆರೆದೇ ಸೇರಿದರು. ಸಭಾಮಂದಿರಕ್ಕೆ ಬೀಗ ಬಿದ್ದರೆ ಬೀದಿಯಲ್ಲಿ ಕುಳಿತರು. ಸಾವಿರಗಟ್ಟಲೆ ಜನ ಸೆರೆಮನೆ ಕಂಡರು. ಅಲ್ಲಿನ ಹೊಲಸು, ಚಳಿ, ಜ್ವರಗಳಿಂದ ನೂರಾರು ಮಂದಿ ಪ್ರಾಣಬಿಟ್ಟರು. ಬ್ರಿಸ್ಟಲಿನ ಮಕ್ಕಳು ಬೆಂಚುಗಳ ಮೇಲೆ ಕುಳಿತುದು ಇಂಥ ವರ್ಷಗಳಲ್ಲಿ.

ಓಡಿಬಂದವರೇ ಓಡಿಸಿದರು

ಈ ಕಥೆಯ ಅತ್ಯಂತ ಕಹಿಯಾದ ಅಧ್ಯಾಯ ಅಟ್ಲಾಂಟಿಕ್ ಸಾಗರದಾಚೆಯ ಬಾಸ್ಟನ್ನಿನದು. ಅಲ್ಲಿ ನೆಲೆಸಿದ್ದ ಪ್ಯೂರಿಟನ್ ಪಂಗಡದವರು ತಮ್ಮ ಮನಸ್ಸಿಗೊಪ್ಪುವಂತೆ ದೇವರನ್ನು ಪೂಜಿಸಬೇಕೆಂದು ಇಂಗ್ಲೆಂಡನ್ನು ಬಿಟ್ಟುಬಂದವರು. ಆದರೆ ಆ ಸ್ವಾತಂತ್ರ್ಯ ತಮಗಷ್ಟೇ ಸಾಕೆಂದು ಅವರ ಅಭಿಪ್ರಾಯ. 1656ರ ಜುಲೈಯಲ್ಲಿ ಮೇರಿ ಫಿಷರ್, ಆನ್ ಆಸ್ಟಿನ್ ಎಂಬ ಇಬ್ಬರು ಕ್ವೇಕರ್ ಮಹಿಳೆಯರು ಹಡಗಿನಿಂದಿಳಿದಾಗ ಅವರ ಪುಸ್ತಕಗಳನ್ನು ಸುಟ್ಟು, ಅವರನ್ನು ಐದು ವಾರ ಸೆರೆಯಲ್ಲಿಟ್ಟು, ಬಂದ ದಾರಿಯಲ್ಲಿಯೇ ಹಿಂದಕ್ಕಟ್ಟಿದರು. ಈ ಮೇರಿ ಫಿಷರ್ ಮನೆಗೆಲಸ ಮಾಡಿಕೊಂಡಿದ್ದ ಸಾಮಾನ್ಯ ಹೆಣ್ಣು. ಎರಡು ವರ್ಷಗಳ ತರುವಾಯ, 1658ರಲ್ಲಿ, ಇದೇ ಹೆಂಗಸು ತುರ್ಕಿಯ ಸುಲ್ತಾನ ನಾಲ್ಕನೆಯ ಮೆಹಮದನನ್ನು ಅವನ ಪಾಳೆಯದಲ್ಲಿ ಕಂಡು ತನ್ನ ಸಂದೇಶವನ್ನು ಹೇಳಿದಳು. ಕ್ರೈಸ್ತರು ಚಾಟಿಯಿಂದ ಹೊಡೆಸಿದ್ದ ಆಕೆಯ ಮಾತನ್ನು ಮುಸಲ್ಮಾನ ದೊರೆ ಗೌರವದಿಂದ ಕೇಳಿ ಕಳುಹಿಸಿಕೊಟ್ಟನು.

ಬಾಸ್ಟನ್ನಿನಲ್ಲಿ ಕಾನೂನು ಇನ್ನೂ ಕ್ರೂರವಾಯಿತು. ಗಡೀಪಾರಾದ ಕ್ವೇಕರರು ಮರಳಿದರೆ ಮರಣದಂಡನೆಯೆಂದು 1658ರಲ್ಲಿ ಗೊತ್ತುಮಾಡಿದರು. 1659ರ ಅಕ್ಟೋಬರ್ 27ರಂದು ವಿಲಿಯಂ ರಾಬಿನ್ಸನ್, ಮಾರ್ಮಡ್ಯೂಕ್ ಸ್ಟೀವನ್ಸನ್ ಎಂಬಿಬ್ಬರನ್ನು ಗಲ್ಲಿಗೇರಿಸಿದರು. ಅವರ ಮಾತು ಜನರಿಗೆ ಕೇಳಿಸದಿರಲೆಂದು ತಮಟೆಗಳನ್ನು ಬಡಿಸಿದರು. ಅವರೊಡನೆ ನಿಂತಿದ್ದ ಮೇರಿ ಡೈಯರ್ ಎಂಬ ಮಕ್ಕಳೊಂದಿಗಳ ಕೊರಳಿಗೂ ಹಗ್ಗ ಬಿದ್ದಿತ್ತು; ಕೊನೆಯ ಗಳಿಗೆಯಲ್ಲಿ ಕ್ಷಮೆ ಕೊಟ್ಟು ಊರಿನಿಂದ ಹೊರಗೆ ಕಳುಹಿಸಿದರು. ಆಕೆ ಸುಮ್ಮನಿರಲಿಲ್ಲ. ಅನ್ಯಾಯದ ಕಾನೂನನ್ನು ತೆಗೆಯಿರಿ ಎಂದು ಹೇಳಲು ಮರುವರ್ಷ ತಾನಾಗಿ ಮರಳಿದಳು. ಕ್ವೇಕರನಲ್ಲದ ಆಕೆಯ ಗಂಡನು ಹೆಂಡತಿಯ ಪ್ರಾಣಭಿಕ್ಷೆ ಬೇಡಿ ಗವರ್ನರನಿಗೆ ಪತ್ರ ಬರೆದನು. ಪ್ರಯೋಜನವಾಗಲಿಲ್ಲ. 1660ರ ಜೂನ್ 1ರಂದು ಮೇರಿ ಡೈಯರಳನ್ನು ಗಲ್ಲಿಗೇರಿಸಿದರು. 1661ರ ಮಾರ್ಚಿಯಲ್ಲಿ ವಿಲಿಯಂ ಲೆಡ್ರ ಎಂಬವನಿಗೂ ಇದೇ ಗತಿಯಾಯಿತು.

ಸುದ್ದಿ ಲಂಡನ್ನನ್ನು ಮುಟ್ಟಿದಾಗ ಎರಡನೆಯ ಚಾರ್ಲ್ಸ್ ದೊರೆ, ಕ್ವೇಕರರನ್ನು ಕೊಲ್ಲಕೂಡದೆಂದು ಆಜ್ಞಾಪತ್ರ ಬರೆದನು. ಅದನ್ನು ಬಾಸ್ಟನ್ನಿಗೆ ಒಯ್ದವನು ಅಲ್ಲಿಂದಲೇ ಹೊರದೂಡಲ್ಪಟ್ಟಿದ್ದ ಸ್ಯಾಮ್ಯುಯೆಲ್ ಶಾಟಕ್ ಎಂಬ ಕ್ವೇಕರನು. ಗಲ್ಲು ನಿಂತಿತು, ಚಾಟಿಯೇಟುಗಳು ಇನ್ನೂ ಕೆಲಕಾಲ ನಡೆದವು. 1959ರಲ್ಲಿ, ಮುನ್ನೂರು ವರ್ಷಗಳ ಬಳಿಕ, ಮೇರಿ ಡೈಯರಳ ಕಂಚಿನ ಪ್ರತಿಮೆಯನ್ನು ಅದೇ ಬಾಸ್ಟನ್ನಿನ ರಾಜ್ಯ ಶಾಸನಭವನದ ಮುಂದೆ ನಿಲ್ಲಿಸಲಾಯಿತು. ಮೌನಸಭೆಯಲ್ಲಿ ಕುಳಿತಿರುವ ಭಂಗಿ ಅದು.

ಮೂವತ್ತು ಮಂದಿ ನೆರೆಯವರು

ಇಲ್ಲಿಯವರೆಗೆ ಹೇಳಿದುದು ಕ್ವೇಕರರ ಸಹನೆಯ ಕಥೆ. ಆದರೆ ಸಹನೆಯೊಂದರಿಂದಲೇ ಅವರು ಗೆದ್ದರೆಂದು ಹೇಳಿದರೆ ಅರ್ಧಸತ್ಯವಾದೀತು. ಅವರ ನಂಬಿಕೆಯನ್ನು ಒಪ್ಪದವರೂ ಅವರ ಪರವಾಗಿ ನಿಂತುದೇ ಈ ಇತಿಹಾಸದ ತಿರುವು. ಅಂಥ ಎರಡು ಪ್ರಸಂಗಗಳನ್ನು ವಾಚಕರು ತಾಳ್ಮೆಯಿಂದ ಓದಬೇಕು.

ಮೊದಲನೆಯದು ಇಂದಿನ ನ್ಯೂಯಾರ್ಕಿನದು. ಆಗ ಅದು ಡಚ್ಚರ ವಸಾಹತು. ಗವರ್ನರನು ಪೀಟರ್ ಸ್ಟೈವಸೆಂಟ್. ಕ್ವೇಕರನಿಗೆ ಒಂದು ರಾತ್ರಿಯ ಆಸರೆ ಕೊಟ್ಟರೂ ಐವತ್ತು ಪೌಂಡು ದಂಡವೆಂದು ಅವನು ಸಾರಿದನು. ಆ ವಸಾಹತಿನಲ್ಲಿದ್ದ ಫ್ಲಶಿಂಗ್ ಎಂಬ ಸಣ್ಣ ಊರಿನವರು ಹೆಚ್ಚಾಗಿ ಇಂಗ್ಲಿಷರು, ಒಕ್ಕಲುತನದವರು. 1657ರ ಡಿಸೆಂಬರ್ 27ರಂದು ಅವರಲ್ಲಿ ಮೂವತ್ತು ಮಂದಿ ಕೂಡಿ ಗವರ್ನರನಿಗೆ ಒಂದು ಮನವಿ ಬರೆದರು. ಬರೆದವನು ಊರಿನ ಗುಮಾಸ್ತ ಎಡ್ವರ್ಡ್ ಹಾರ್ಟ್. ಸಹಿ ಹಾಕಿದವರಲ್ಲಿ ಒಬ್ಬನೂ ಕ್ವೇಕರನಲ್ಲ. ಕೆಲವರಿಗೆ ಸಹಿ ಮಾಡಲೂ ಬಾರದೆ ಗುರುತು ಹಾಕಿದರು. ಅವರು ಹೇಳಿದುದರ ಸಾರಾಂಶವಿಷ್ಟೇ: ಪ್ರೀತಿ ಮತ್ತು ಶಾಂತಿಯ ನಿಯಮವು ಯೆಹೂದ್ಯರಿಗೂ ತುರ್ಕರಿಗೂ ಸಲ್ಲುತ್ತದೆ; ಒಳ್ಳೆಯ ಮನಸ್ಸಿನಿಂದ ನಮ್ಮ ಬಾಗಿಲಿಗೆ ಬಂದವರ ಮೇಲೆ ಕೈಯೆತ್ತಲು ನಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲ.

ಗವರ್ನರನು ಕೆಂಡವಾದನು. ಮನವಿಯನ್ನು ಒಪ್ಪಿಸಿದ ಊರ ಅಧಿಕಾರಿಯನ್ನೂ ಗುಮಾಸ್ತನನ್ನೂ ಸೆರೆಯಲ್ಲಿರಿಸಿದನು. ಬಂಧಿತರಲ್ಲಿ ಕೆಲವರು ಕ್ಷಮೆ ಕೇಳಿ ಬಿಡುಗಡೆ ಪಡೆದರು. ಇದನ್ನು ಮುಚ್ಚಿಡಬೇಕಾದುದಿಲ್ಲ, ಅವರು ವೀರರಲ್ಲ, ಹೆಂಡಿರುಮಕ್ಕಳುಳ್ಳ ಸಂಸಾರಿಗಳು. ಆದರೂ ಬರೆದ ಕಾಗದ ಉಳಿಯಿತು. ಐದು ವರ್ಷಗಳ ತರುವಾಯ ಅದೇ ಊರಿನ ಜಾನ್ ಬೌನ್ ಎಂಬವನು ತನ್ನ ಮನೆಯಲ್ಲಿ ಕ್ವೇಕರರ ಸಭೆ ನಡೆಸಲು ಎಡೆಗೊಟ್ಟು 1662ರಲ್ಲಿ ಬಂಧಿತನಾದನು. ದಂಡ ಕಟ್ಟಲೊಪ್ಪದ ಅವನನ್ನು ಹಡಗು ಹತ್ತಿಸಿ ದೇಶದಿಂದ ಹೊರಗೆ ಕಳುಹಿಸಿದರು. ಅವನು ಹಾಲೆಂಡಿಗೆ ಹೋಗಿ ವಸಾಹತಿನ ಒಡೆತನವಿದ್ದ ಡಚ್ ವೆಸ್ಟ್ ಇಂಡಿಯಾ ಕಂಪೆನಿಗೆ ದೂರುಕೊಟ್ಟನು. 1663ರಲ್ಲಿ ಕಂಪೆನಿಯವರು ಗವರ್ನರನಿಗೆ, ಜನರ ಆತ್ಮಸಾಕ್ಷಿಯನ್ನು ಬಲವಂತಪಡಿಸಬೇಡವೆಂದು ಬರೆದರು. ಬೌನ್ ಊರಿಗೆ ಮರಳಿದನು.

ಆ ಮನೆ ಇಂದೂ ಫ್ಲಶಿಂಗಿನ ಬೌನ್ ಬೀದಿಯಲ್ಲಿ ನಿಂತಿದೆ. ಅದೇ ಬೀದಿಯಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಮಹಾವಲ್ಲಭ ಗಣಪತಿಯ ದೇವಸ್ಥಾನವೂ ಇದೆ. ಅಮೆರಿಕದಲ್ಲಿ ನಮ್ಮವರು ಕಟ್ಟಿದ ಮೊದಲ ದೇವಾಲಯಗಳಲ್ಲಿ ಅದೊಂದು. ನ್ಯೂಯಾರ್ಕಿನಲ್ಲಿ ಮಕ್ಕಳಿರುವ ಮನೆಗಳವರು ಅಲ್ಲಿಗೆ ಹೋದರೆ, ಗಣಪತಿಗೆ ಕೈಮುಗಿದ ಬಳಿಕ ಆ ಹಳೆಯ ಮರದ ಮನೆಯನ್ನೂ ಒಮ್ಮೆ ನೋಡಿಬರಲಿ. ಆ ಬೀದಿಗೆ ಯಾರ ಹೆಸರು, ಏಕೆ ಎಂಬುದನ್ನು ಮೊಮ್ಮಕ್ಕಳಿಗೆ ಹೇಳಲಿ.

ಹನ್ನೆರಡು ಮಂದಿ ಪಂಚರು

ಎರಡನೆಯ ಪ್ರಸಂಗ ಲಂಡನ್ನಿನದು. 1670ರ ಆಗಸ್ಟ್ 14, ಆದಿತ್ಯವಾರ. ಗ್ರೇಸ್‌ಚರ್ಚ್ ಬೀದಿಯ ಸಭಾಮಂದಿರದ ಬಾಗಿಲನ್ನು ಸೈನಿಕರು ಮುಚ್ಚಿದ್ದರು. ಕ್ವೇಕರರು ಬೀದಿಯಲ್ಲಿಯೇ ಸೇರಿದರು. ಇಪ್ಪತ್ತೈದು ವರ್ಷದ ಯುವಕನೊಬ್ಬ ಎದ್ದು ಮಾತಾಡತೊಡಗಿದನು. ಅವನೇ ವಿಲಿಯಂ ಪೆನ್. ನೌಕಾಪಡೆಯ ಅಡ್ಮಿರಲನ ಮಗ. ಮತಭೇದಕ್ಕಾಗಿ ಆಕ್ಸ್‌ಫರ್ಡಿನಿಂದ ಹೊರಹಾಕಲ್ಪಟ್ಟವನು. ಅದಾಗಲೇ ಲಂಡನ್ ಟವರಿನ ಸೆರೆಯನ್ನೂ ಕಂಡವನು. ಅವನನ್ನೂ ಅವನ ಜೊತೆಗಿದ್ದ ವಿಲಿಯಂ ಮೀಡ್ ಎಂಬ ಬಟ್ಟೆಯ ವರ್ತಕನನ್ನೂ, ಗಲಭೆಗಾಗಿ ಜನ ಸೇರಿಸಿದರೆಂದು ಬಂಧಿಸಿದರು.

ಸೆಪ್ಟೆಂಬರ್ ಆರಂಭದಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ. ಆರೋಪಿಗಳು ಬರಿದಲೆಯಲ್ಲಿ ಒಳಗೆ ಬಂದರು. ಸಿಬ್ಬಂದಿಯವರೇ ಅವರ ತಲೆಯ ಮೇಲೆ ಟೊಪ್ಪಿಯಿಟ್ಟರು. ಬಳಿಕ, ಟೊಪ್ಪಿ ತೆಗೆಯದೆ ನ್ಯಾಯಾಲಯವನ್ನು ಅವಮಾನಿಸಿದಿರೆಂದು ಇಬ್ಬರಿಗೂ ದಂಡ ವಿಧಿಸಿದರು! ಪೆನ್ ಕೇಳಿದುದು ಒಂದೇ ಪ್ರಶ್ನೆ: ನಾನು ಯಾವ ಕಾನೂನನ್ನು ಮುರಿದೆ, ತೋರಿಸಿರಿ. ಉತ್ತರ ಕೊಡುವುದರ ಬದಲು ಅವನನ್ನು ನ್ಯಾಯಾಲಯದ ಮೂಲೆಯ ಕಟಕಟೆಗೆ ನೂಕಿದರು. ಅವನು ಅಲ್ಲಿಂದಲೇ ಪಂಚರನ್ನು ಕೂಗಿ ಎಚ್ಚರಿಸಿದನು.

ಇಲ್ಲಿ ಪಂಚರೆಂದರೆ ಜ್ಯೂರಿಯವರು. ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸಬೇಕಾದ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು. ಅವರು ಪೆನ್ನನ ಪಂಗಡದವರಲ್ಲ. ಆದರೆ ಎಡ್ವರ್ಡ್ ಬುಶೆಲ್ ಎಂಬವನ ಮುಂದಾಳ್ತನದಲ್ಲಿ ನಾಲ್ವರು, ಇವನನ್ನು ಅಪರಾಧಿಯೆನ್ನಲಾರೆವು ಎಂದರು. ನ್ಯಾಯಾಧೀಶರು ಬೈದು ಹಿಂದಕ್ಕೆ ಕಳುಹಿಸಿದಾಗ, ಪೆನ್ ಗ್ರೇಸ್‌ಚರ್ಚ್ ಬೀದಿಯಲ್ಲಿ ಮಾತಾಡಿದುದು ಹೌದು ಎಂದಷ್ಟೇ ತೀರ್ಪು ತಂದರು. ಮಾತಾಡುವುದು ಅಪರಾಧವೆ? ನ್ಯಾಯಾಧೀಶರು ಮತ್ತೆ ಬೈದರು. ಅನ್ನ, ನೀರು, ಬೆಂಕಿ, ಹೊಗೆಸೊಪ್ಪು ಯಾವುದನ್ನೂ ಕೊಡದೆ ರಾತ್ರಿಯೆಲ್ಲ ಹನ್ನೆರಡು ಮಂದಿಯನ್ನೂ ಕೂಡಿಹಾಕಿದರು. ಸ್ಪೇನ್ ದೇಶದ ಮತವಿಚಾರಣೆಯ ಪದ್ಧತಿಯೇ ಇಲ್ಲಿಯೂ ಬೇಕೆಂದು ನ್ಯಾಯಾಸನದಲ್ಲಿದ್ದವನೊಬ್ಬ ಬಾಯಿಬಿಟ್ಟು ಹೇಳಿದನು. ಸೆಪ್ಟೆಂಬರ್ 5ರಂದು ಹಸಿದು ಬಳಲಿದ ಹನ್ನೆರಡು ಮಂದಿಯೂ ಒಂದೇ ಮಾತು ಹೇಳಿದರು: ನಿರಪರಾಧಿಗಳು.

ತೀರ್ಪು ಕೊಟ್ಟವರಿಗೇ ದಂಡವಾಯಿತು, ದಂಡ ಕಟ್ಟುವವರೆಗೆ ಸೆರೆಯಾಯಿತು. ಬುಶೆಲನೂ ಅವನ ಮೂವರು ಸಂಗಡಿಗರೂ ದಂಡ ಕಟ್ಟಲೊಪ್ಪದೆ ಮೇಲಿನ ನ್ಯಾಯಾಲಯಕ್ಕೆ ಮೊರೆಹೋದರು. ಮುಖ್ಯ ನ್ಯಾಯಾಧೀಶ ಜಾನ್ ವಾನ್ ಎಂಬವನು, ಪಂಚರನ್ನು ಅವರ ತೀರ್ಪಿಗಾಗಿ ಶಿಕ್ಷಿಸುವ ಅಧಿಕಾರ ಯಾವ ನ್ಯಾಯಾಧೀಶನಿಗೂ ಇಲ್ಲವೆಂದು ನಿರ್ಣಯಿಸಿದನು. ಆ ಬಳಿಕ ಇಂಗ್ಲೆಂಡಿನಲ್ಲಿ ಇದೇ ನಿಯಮ ನೆಲೆನಿಂತಿತು. ಇತ್ತ, ಕಾಯಿಲೆ ಬಿದ್ದಿದ್ದ ಅಡ್ಮಿರಲನು ಮಗನ ಟೊಪ್ಪಿಯ ದಂಡವನ್ನು ಕಟ್ಟಿಸಿ ಬಿಡಿಸಿಕೊಂಡನು. ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ 16ರಂದು, ತೀರಿಕೊಂಡನು. ಪಂಚರ ಧೈರ್ಯವನ್ನು ನೆನೆಯುವ ಫಲಕವೊಂದು ಇಂದಿಗೂ ಓಲ್ಡ್ ಬೇಲಿಯ ಗೋಡೆಯ ಮೇಲಿದೆ.

ಪೆನ್ನನ ನಾಡು

ಅಡ್ಮಿರಲನಿಗೆ ಅರಮನೆಯಿಂದ 16,000 ಪೌಂಡು ಸಾಲ ಬರಬೇಕಾಗಿತ್ತು. ಅದರ ಬದಲಿಗೆ ದೊರೆಯು 1681ರ ಮಾರ್ಚ್ 4ರಂದು ಅಮೆರಿಕದಲ್ಲಿ ವಿಸ್ತಾರವಾದ ಪ್ರದೇಶವೊಂದನ್ನು ಮಗನಿಗೆ ಬರೆದುಕೊಟ್ಟನು. ಪೆನ್ಸಿಲ್ವೇನಿಯ, ಅಂದರೆ ಪೆನ್ನನ ಕಾಡುನಾಡು. ಒಬ್ಬ ದೇವರನ್ನು ನಂಬುವ ಯಾರನ್ನೂ ಅವರ ಪೂಜಾವಿಧಿಗಾಗಿ ಪೀಡಿಸಕೂಡದೆಂದು ಅಲ್ಲಿ ಕಾನೂನಾಯಿತು. ಜರ್ಮನಿಯಿಂದಲೂ ಐರ್ಲೆಂಡಿನಿಂದಲೂ ನೊಂದ ಪಂಗಡಗಳವರು ಹಡಗೇರಿ ಬಂದರು. ಮೂಲನಿವಾಸಿಗಳಾದ ಲೆನಾಪೆ ಜನರೊಡನೆ ಪೆನ್ ಒಪ್ಪಂದ ಮಾಡಿಕೊಂಡು ನೆಲಕ್ಕೆ ಬೆಲೆ ಕೊಟ್ಟನು.

ಆದರೆ ಇದನ್ನು ಸ್ವರ್ಗವೆಂದು ಬಣ್ಣಿಸಿದರೆ ವಿದ್ಯಾರ್ಥಿಗಳಿಗೆ ಸುಳ್ಳು ಪಾಠ ಹೇಳಿದಂತಾದೀತು. ಅಧಿಕಾರದ ಹುದ್ದೆ ಕ್ರೈಸ್ತರಿಗೆ ಮಾತ್ರ ಮೀಸಲಾಗಿತ್ತು. ಮುಂದೆ 1737ರಲ್ಲಿ ಪೆನ್ನನ ಮಕ್ಕಳೇ ಲೆನಾಪೆಗಳನ್ನು ವಂಚಿಸಿ ಅಪಾರ ನೆಲವನ್ನು ಕಸಿದುಕೊಂಡರು. ಎಲ್ಲಕ್ಕಿಂತ ದೊಡ್ಡ ಕಲೆಯೆಂದರೆ, ಎಲ್ಲರಲ್ಲಿಯೂ ಒಂದೇ ಬೆಳಕು ಕಂಡ ಪೆನ್ ಗುಲಾಮರನ್ನಿಟ್ಟುಕೊಂಡಿದ್ದನು. 1688ರಲ್ಲಿ ಜರ್ಮನ್‌ಟೌನ್ ಎಂಬಲ್ಲಿ ನಾಲ್ವರು ಸೇರಿ, ಮನುಷ್ಯರನ್ನು ದನಗಳಂತೆ ಕೊಂಡು ಮಾರುವುದು ಸರಿಯೆ ಎಂದು ತಮ್ಮ ಸಮಾಜವನ್ನೇ ಲಿಖಿತವಾಗಿ ಪ್ರಶ್ನಿಸಿದರು. ಹಿರಿಯರು ಅದನ್ನು ಬದಿಗಿಟ್ಟರು. ಹದಿನೆಂಟನೆಯ ಶತಮಾನದಲ್ಲಿ ಜಾನ್ ವುಲ್ಮನ್ ಎಂಬ ಸಾಧು ಸ್ವಭಾವದ ದರ್ಜಿ ಮನೆಮನೆಗೆ ನಡೆದು ಅದೇ ಪ್ರಶ್ನೆ ಕೇಳಿದನು. ಗುಲಾಮರನ್ನಿಟ್ಟುಕೊಂಡವರಿಗೆ ಸಮಾಜದಲ್ಲಿ ಸ್ಥಾನವಿಲ್ಲವೆಂದು ಫಿಲಡೆಲ್ಫಿಯದ ವಾರ್ಷಿಕ ಸಭೆ ನಿರ್ಧರಿಸಿದುದು 1776ರಲ್ಲಿ. ಒಳಗಿನ ಬೆಳಕು ಕೂಡ ತನ್ನ ಮನೆಯ ಮೂಲೆಗಳನ್ನು ಬೆಳಗಲು ಸುಮಾರು ನೂರು ವರ್ಷ ತೆಗೆದುಕೊಂಡಿತು.

ಇಂಗ್ಲೆಂಡಿನಲ್ಲಿ 1689ರ ಸಹಿಷ್ಣುತಾ ಕಾಯಿದೆಯಿಂದ ಕ್ವೇಕರರ ಸಭೆಗಳಿಗೆ ಮನ್ನಣೆ ದೊರೆಯಿತು. 1691ರಲ್ಲಿ ತೀರಿಕೊಂಡ ಫಾಕ್ಸ್ ಅದನ್ನು ಕಣ್ಣಾರೆ ಕಂಡನು. ಆದರೆ ಕೆಥೊಲಿಕರಿಗೆ ಆ ಕಾಯಿದೆಯಲ್ಲಿ ಎಡೆಯಿರಲಿಲ್ಲ.

ನಮ್ಮ ಬಾಗಿಲವರೆಗೆ

1696ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಕ್ವೇಕರರು ಆಣೆಯಿಡುವ ಬದಲು ಸತ್ಯವನ್ನು ದೃಢವಾಗಿ ನುಡಿದರೆ ಸಾಕೆಂದು ಒಪ್ಪಿತು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿಯೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು, ಸತ್ಯನಿಷ್ಠೆಯಿಂದ ದೃಢೀಕರಿಸುವುದು ಎಂಬ ಎರಡು ದಾರಿಗಳಿವೆ. ಚುನಾಯಿತರಾದವರು ಎರಡನೆಯ ದಾರಿಯನ್ನು ಹಿಡಿದುದನ್ನು ಟಿ.ವಿ.ಯಲ್ಲಿ ಕಂಡಾಗ, ಆ ಬಾಗಿಲನ್ನು ಮೊದಲು ತಟ್ಟಿದವರಲ್ಲಿ ಈ ಟೊಪ್ಪಿ ತೆಗೆಯದ ಜನರಿದ್ದರೆಂಬುದನ್ನು ನೆನೆಯಬಹುದು.

1947ರ ನೊಬೆಲ್ ಶಾಂತಿ ಪಾರಿತೋಷಕವು ಬ್ರಿಟನ್ನಿನ ಮತ್ತು ಅಮೆರಿಕದ ಕ್ವೇಕರ್ ಸೇವಾಸಂಸ್ಥೆಗಳೆರಡಕ್ಕೆ ಸಂದಿತು. ಎರಡು ಮಹಾಯುದ್ಧಗಳಲ್ಲಿ ನೊಂದವರಿಗೆ ಮಿತ್ರ ಶತ್ರುವೆಂಬ ಭೇದವಿಲ್ಲದೆ ಅನ್ನ ಬಟ್ಟೆ ಕೊಟ್ಟುದಕ್ಕಾಗಿ. ನೀಲಗಿರಿಯ ವಾಚಕರಿಗೆ ಇನ್ನೊಂದು ಹೆಸರು ಹತ್ತಿರದ್ದು. 1928ರಲ್ಲಿ ಮದರಾಸಿಗೆ ಅಧ್ಯಾಪಕಿಯಾಗಿ ಬಂದ ಮಾರ್ಜರಿ ಸೈಕ್ಸ್ ಅವರು ಇಲ್ಲಿಯೇ ಕ್ವೇಕರ್ ಸಮಾಜವನ್ನು ಸೇರಿ, ಶಾಂತಿನಿಕೇತನದಲ್ಲಿಯೂ ಗಾಂಧೀಜಿಯವರ ಸೇವಾಗ್ರಾಮದಲ್ಲಿಯೂ ಕಲಿಸಿ, ಬಳಿಕ ಕೋಟಗಿರಿಯಲ್ಲಿ ನೆಲೆಸಿ ಶಾಂತಿಸೈನಿಕರಿಗೆ ತರಬೇತಿ ಕೊಟ್ಟರು. ನಮ್ಮಂಥ ಶಿಕ್ಷಕರಿಗೆ ಅವರು ಹಿರಿಯಕ್ಕನ ಸ್ಥಾನದವರು.

ಇಂದು ಜಗತ್ತಿನಲ್ಲಿ ಕ್ವೇಕರರ ಸಂಖ್ಯೆ ನಾಲ್ಕು ಲಕ್ಷದ ಆಸುಪಾಸಿನಲ್ಲಿದೆ. ಅತಿ ಹೆಚ್ಚು ಮಂದಿ ಇರುವುದು ಆಫ್ರಿಕದ ಕೀನ್ಯಾದಲ್ಲಿ. ಅಲ್ಲಿನವರ ಸಭೆಗಳಲ್ಲಿ ಹಾಡೂ ಉಪದೇಶವೂ ಉಂಟು.

ನಮ್ಮದೇ ಒಂದು ತಪ್ಪನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಸೇವೆಗೆ ಸೇರಿದ ಹೊಸತರಲ್ಲಿ, ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಬಾಯಿ ತೆರೆಯದೆ ನಿಂತ ಬಾಲಕನೊಬ್ಬನನ್ನು ನಾವು ಎಲ್ಲರೆದುರು ಗದರಿಸಿ ಬಿಸಿಲಿನಲ್ಲಿ ನಿಲ್ಲಿಸಿದೆವು. ಅವನು ಎದುರುತ್ತರ ಕೊಡಲಿಲ್ಲ. ಸಂಜೆ ಅವನ ತಂದೆ ಬಂದು, "ಮಾಷ್ಟ್ರೇ, ನಮ್ಮ ಮನೆಯಲ್ಲಿ ಆ ಪ್ರಾರ್ಥನೆ ಹೇಳುವ ಕ್ರಮ ಇಲ್ಲ. ಹುಡುಗ ಗಲಾಟೆ ಮಾಡಲಿಲ್ಲವಲ್ಲ, ನೆಟ್ಟಗೆ ನಿಂತಿದ್ದನಲ್ಲ?" ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅದಕ್ಕೆ ಕೆಲವು ವರ್ಷ ಮೊದಲೇ, ನಮ್ಮ ಕೇರಳದ್ದೇ ಒಂದು ಮೊಕದ್ದಮೆಯಲ್ಲಿ, ರಾಷ್ಟ್ರಗೀತೆಯ ವೇಳೆ ಗೌರವದಿಂದ ನಿಂತರೂ ಮತದ ಕಾರಣದಿಂದ ಹಾಡದಿದ್ದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದುದು ತಪ್ಪೆಂದು 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಸಂವಿಧಾನದ 25ನೆಯ ವಿಧಿಯನ್ನು ತರಬೇತಿಯ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ನಮಗೆ ಆ ತೀರ್ಪು ತಿಳಿದಿರಲಿಲ್ಲ.

ರಾಜ್ಯದೊಳಗೆ ಅಲ್ಪಸಂಖ್ಯಾತರಾಗಿ ಬಾಳುವ ನಾವು ನಮ್ಮ ಭಾಷೆಗೆ, ನಮ್ಮ ಶಾಲೆಗೆ ಮನ್ನಣೆ ಬೇಕೆಂದು ಕೇಳುತ್ತೇವೆ, ಕೇಳಬೇಕಾದುದೇ. ಆದರೆ ನಮ್ಮ ಅಂಗಳದಲ್ಲಿ ನಮಗಿಂತ ಸಣ್ಣ ಗುಂಪೊಂದು ನಿಂತಾಗ ನಾವು ಬಾಸ್ಟನ್ನಿನವರಾಗುತ್ತೇವೆಯೋ ಫ್ಲಶಿಂಗಿನವರಾಗುತ್ತೇವೆಯೋ ಎಂಬುದನ್ನು ಪ್ರತಿಯೊಂದು ಮನೆಯೂ ಕೇಳಿಕೊಳ್ಳಬೇಕು. ಮರುದಿನ ಬೆಳಿಗ್ಗೆ ನಾವು ಆ ಹುಡುಗನನ್ನು ಕರೆದು ಅವನ ಸಾಲಿನಲ್ಲಿಯೇ ನಿಲ್ಲಿಸಿದೆವು. ಪ್ರಾರ್ಥನೆ ನಡೆಯಿತು. ಅವನು ಸುಮ್ಮನೆ ನಿಂತಿದ್ದನು. ಯಾರಿಗೂ ಏನೂ ಕಡಿಮೆಯಾಗಲಿಲ್ಲ.